ಮೂರು ಸೀಟಿ, ಒಂದು ಚಿತ್ರ

ಹೋದ ತಿಂಗಳು ಎನ್‌ಆರ್‌ಇ ಖಾತೆ, ಎನ್‌ಆರ್‌ಒ ಖಾತೆ ಅಂತ ಬರೆದು ಓದುಗರ ತಲೆ ತಿಂದಿದ್ದೆವು. ಈ ತಿಂಗಳು ಬ್ಯಾಂಕಿಗೆ ರಜೆ. ಬಿಕಾಂ ಓದಿದ ಕೈ ಪೂರ್ತಿ ಸುಮ್ಮನಿರೋದಿಲ್ಲ, ಅಲ್ಲಲ್ಲಿ ಲೆಕ್ಕ ನುಸುಳಿದರೆ ಸಹಿಸಿಕೊಳ್ಳಿ.

ಅಲ್ ಕೂಜ್ ಕ್ಯಾಂಪಿನಲ್ಲಿರುವ ಓದುಗರೊಬ್ಬರು, ಸ್ಟೀಲ್ ಫಿಕ್ಸರ್, ಬಾಗಲಕೋಟೆ ಕಡೆಯವರು, ಊರಿಗೆ ಹಣ ಕಳಿಸುವ ಕ್ಯೂನಲ್ಲಿ ಸಿಕ್ಕಿ ಕೇಳಿದರು: “ಅಣ್ಣಾರ, ಸಾಲ್ಯಾಗ ಇದ್ದಾಗ ಚಿತ್ರ ಛಲೋ ತಗೀತಿದ್ದೆ. ಈಗ ಮತ್ತ ಸುರು ಮಾಡಬೇಕ ಅನಸ್ತೈತಿ. ಯಾವ ಪೆನ್ಸಿಲ್ ತಗೋಬೇಕ್ರಿ?” ನಾವು ಬಾಯಿ ತೆರೆಯೋ ಮುಂಚೆ ಅವರೇ ಸೇರಿಸಿದರು: “ಅದಕ್ಕ ರೊಕ್ಕ ಹಾಕೋದು ಸುಮ್ನ ದಂಡ ಅಲ್ರಿ?”

ಪೆನ್ಸಿಲಿನ ವಿಷಯ ಆಮೇಲೆ. ದಂಡದ ವಿಷಯ ಮೊದಲು, ಯಾಕಂದ್ರೆ ಅದು ನಮ್ಮ ಕಸುಬಿನ ಪ್ರಶ್ನೆ.

ನಮಗೋಸ್ಕರ ಹತ್ತು ದಿರ್ಹಮ್ ಖರ್ಚು ಮಾಡುವಾಗ ಅದು ತಲೆಯಲ್ಲಿ ಹತ್ತು ದಿರ್ಹಮ್ ಆಗಿ ಉಳಿಯೋದಿಲ್ಲ. ತಕ್ಷಣ ಇನ್ನೂರು ಚಿಲ್ಲರೆ ರೂಪಾಯಿ ಆಗುತ್ತೆ, ಅಮ್ಮನ ಬಿಪಿ ಮಾತ್ರೆ ಆಗುತ್ತೆ, ಮಗಳ ನೋಟ್‌ಬುಕ್ ಆಗುತ್ತೆ. ಈ ಗುಣವನ್ನು ನಾವು ಹೀಗಳೆಯೋದಿಲ್ಲ. ಊರಲ್ಲಿ ಮನೆಗೆ ಆರ್‌ಸಿಸಿ ಬಿದ್ದಿರೋದು ಇದೇ ಗುಣದಿಂದ. ಆದರೆ ಲೆಕ್ಕ ಅಂದಮೇಲೆ ಎರಡೂ ಕಡೆ ಬರೀಬೇಕು. ದಿನಕ್ಕೊಂದು ಕರಕ್ ಚಾ ಕುಡಿದರೆ, ಕಪ್ಪಿಗೆ ಒಂದೇ ದಿರ್ಹಮ್ ಅಂತ ಹಿಡಿದರೂ, ತಿಂಗಳಿಗೆ ಮೂವತ್ತು. ಅದನ್ನು ಯಾರೂ ದಂಡ ಅನ್ನೋದಿಲ್ಲ. ಒಂದು ಪುಸ್ತಕ, ಎರಡು ಪೆನ್ಸಿಲ್, ಒಂದು ಪೆನ್ನಿಗೆ ಅಷ್ಟು ಹಣವೂ ಬೇಡ, ಅದೂ ನಾಲ್ಕೈದು ತಿಂಗಳಿಗೊಮ್ಮೆ.

ಇನ್ನೊಂದು ಕಡೆ ಏನು ಬರೀಬೇಕು? ಹದಿನೈದು, ಇಪ್ಪತ್ತು ವರ್ಷ ಇಲ್ಲಿದ್ದು ವೀಸಾ ಕ್ಯಾನ್ಸಲ್ ಮಾಡಿ ಹೊರಟವರನ್ನು ಏರ್‌ಪೋರ್ಟಿಗೆ ಬಿಟ್ಟು ಬಂದಿದ್ದೇವೆ. ಪೆಟ್ಟಿಗೆಯಲ್ಲಿ ಕಂಬಳಿ, ಬಾದಾಮಿ, ಅತ್ತರು. ಫೋಟೋ ಇದ್ದ ಹಳೇ ಫೋನುಗಳು ಯಾವತ್ತೋ ಸತ್ತು ಹೋಗಿರ್ತವೆ. ಊರಿಗೆ ಹೋದಮೇಲೆ ಯಾರಾದರೂ “ದುಬೈ ಹೆಂಗಿತ್ತು?” ಅಂದರೆ “ಬಿಸಿಲು ಮಾರಾಯ್ರೇ” ಅಂತ ಒಂದು ಮಾತು, ಮುಗೀತು. ಆಯುಷ್ಯದ ಮೂರನೇ ಒಂದು ಭಾಗ ಕಳೆದ ಜಾಗಕ್ಕೆ ಒಂದೇ ಶಬ್ದ. ಈ ಲೆಕ್ಕ ನಮಗೆ ಟ್ಯಾಲಿ ಆಗೋದಿಲ್ಲ.

ಕನ್ನಡದಲ್ಲಿ ಕಾಗದವನ್ನೂ ಬರೀತೀವಿ, ಚಿತ್ರವನ್ನೂ ಬರೀತೀವಿ. ಊರಿಗೆ ಕಾಗದ ಬರೆಯೋದು ನಿಂತು ಎಷ್ಟು ವರ್ಷ ಆಯ್ತೋ. ವಿಡಿಯೊ ಕಾಲ್ ಬಂತು, ಒಳ್ಳೇದೇ ಆಯ್ತು, ಆದರೆ ಅದರಲ್ಲಿ ಪರದೆ ತುಂಬಾ ಮುಖ ಮಾತ್ರ. ನಮ್ಮ ಪಕ್ಕದ ರೂಮಿನಲ್ಲಿ ಕುಂದಾಪುರದ ಎಸಿ ಮೆಕ್ಯಾನಿಕ್ ಒಬ್ಬರಿದ್ದಾರೆ. ಒಂದು ಶನಿವಾರ ತಮ್ಮ ರೂಮನ್ನು ಬಾಲ್ ಪೆನ್ನಿನಲ್ಲಿ ಬರೆದು ಮಗಳಿಗೆ ವಾಟ್ಸಾಪ್ ಮಾಡಿದರು. ಎರಡಂತಸ್ತಿನ ಮಂಚ, ಅದರ ಕಂಬಿಗೆ ನೇತುಹಾಕಿದ ಟವೆಲ್, ಬಾಗಿಲ ಹತ್ತಿರ ಆರು ಜೊತೆ ಚಪ್ಪಲಿ. ಎರಡನೇ ಕ್ಲಾಸಿನ ಮಗು ಕೇಳಿದ ಪ್ರಶ್ನೆ: “ಅಪ್ಪಯ್ಯ, ಮೇಲಿನ್ ಮಂಚದ್ ಮೇಲೆ ಯಾರ್ ಮನಿಕಂಬುದ್?” ಹುಟ್ಟಿದಾಗಿನಿಂದ ಅಪ್ಪನ ಜೊತೆ ಫೋನಿನಲ್ಲಿ ಮಾತಾಡಿದ ಮಗುವಿಗೆ ಅಪ್ಪನ ತಲೆಯ ಮೇಲೆ ಇನ್ನೊಬ್ಬರು ಮಲಗುತ್ತಾರೆ ಅಂತ ಅವತ್ತು ಗೊತ್ತಾಯ್ತು. ಚಿತ್ರ ಚೆನ್ನಾಗಿತ್ತಾ ಅಂದರೆ, ಮಂಚದ ಒಂದು ಕಾಲು ಗಿಡ್ಡ ಇತ್ತು. ಮಗು ಅದನ್ನು ನೋಡಲೇ ಇಲ್ಲ.

ಈಗ ಪೆನ್ಸಿಲ್.

ನಮ್ಮ ಹಿರಿಯರು ಸೀಸದಕಡ್ಡಿ ಅಂತಿದ್ದರು. ಒಳಗೆ ಸೀಸ ಇಲ್ಲ. ಗ್ರಾಫೈಟ್ ಪುಡಿ ಮತ್ತು ಜೇಡಿಮಣ್ಣು ಕಲಸಿ, ಕಡ್ಡಿ ಮಾಡಿ, ಬೆಂಕಿಯಲ್ಲಿ ಸುಟ್ಟು ತೆಗೆದದ್ದು. ಇಟ್ಟಿಗೆ ಭಟ್ಟಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಫ್ರಾನ್ಸಿನ ಕೊಂಟೆ ಎಂಬವರು 1795ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದರು. ಯುದ್ಧದಿಂದಾಗಿ ಇಂಗ್ಲೆಂಡಿನ ಒಳ್ಳೆಯ ಗ್ರಾಫೈಟ್ ಬರೋದು ನಿಂತಿತ್ತು. ಇದ್ದ ಪುಡಿಗೇ ಮಣ್ಣು ಬೆರೆಸಿ ದಾರಿ ಕಂಡುಕೊಂಡರು. ಮಣ್ಣು ಹೆಚ್ಚಿದ್ದರೆ ಕಡ್ಡಿ ಗಟ್ಟಿ, ಗೆರೆ ತಿಳಿ. ಅದಕ್ಕೆ ಪೆನ್ಸಿಲಿನ ಮೇಲೆ ಎಚ್ ಅಂತ ಇರುತ್ತೆ. ಗ್ರಾಫೈಟ್ ಹೆಚ್ಚಿದ್ದರೆ ಮೆತ್ತಗೆ, ಗೆರೆ ಕಪ್ಪು. ಅದು ಬಿ. ಅಂಕಿ ಏರಿದಷ್ಟೂ ಆಯಾ ಗುಣ ಏರುತ್ತೆ. ನಡುವೆ ಇರೋದು ಎಚ್‌ಬಿ, ನಾವೆಲ್ಲ ಶಾಲೆಯಲ್ಲಿ ಬಳಸಿದ್ದು.

ಎರಡೇ ಸಾಕು: ಒಂದು 2ಬಿ, ಒಂದು 6ಬಿ. 2ಬಿ ಗೆರೆಗೆ, 6ಬಿ ನೆರಳಿಗೆ. ಊರಿಂದ ಬರೋರಿದ್ದರೆ ಅಪ್ಸರಾ ಡ್ರಾಯಿಂಗ್ ಪೆನ್ಸಿಲ್ ತರಿಸಿಕೊಳ್ಳಿ, ಧಾರಾಳವಾಗಿ ಸಾಕಾಗುತ್ತೆ. ಶಟರಿಂಗ್ ಕಾರ್ಪೆಂಟರುಗಳಿಗೆ ಅದೂ ಬೇಡ, ಕಿವಿ ಮೇಲೆ ಚಪ್ಪಟೆ ಪೆನ್ಸಿಲ್ ಇದ್ದೇ ಇರುತ್ತಲ್ಲ. ಅಗಲ ಕಡ್ಡಿ, ಅಂಚಿನಲ್ಲಿ ಹಿಡಿದರೆ ಸಣ್ಣ ಗೆರೆ, ಮಲಗಿಸಿ ಎಳೆದರೆ ನೆರಳು. ಸೈಟಿನಲ್ಲಿ ಹಲಗೆ ಮೇಲೆ ಗುರುತು ಹಾಕೋದಕ್ಕೆ ಮಾಡಿದ ಪೆನ್ಸಿಲು ಕಾಗದದ ಮೇಲೂ ಚೆನ್ನಾಗಿಯೇ ಓಡುತ್ತೆ.

ಪೆನ್ಸಿಲನ್ನು ನೆಲಕ್ಕೆ ಬೀಳಿಸಬೇಡಿ. ಹೊರಗೆ ಏನೂ ಕಾಣೋದಿಲ್ಲ, ಒಳಗೆ ಕಡ್ಡಿ ತುಂಡಾಗಿರುತ್ತೆ, ಮೆಂಡರ್‌ಗೆ ಹಾಕಿದಾಗಲೆಲ್ಲ ಮೊನೆ ಉದುರುತ್ತೆ. ಆಗ ಮೆಂಡರ್‌ಗೆ ಬೈಯೋದು ನ್ಯಾಯ ಅಲ್ಲ. 6ಬಿಯಂಥ ಮೆತ್ತನೆಯದನ್ನು ಕಟರ್ ಬ್ಲೇಡಿನಲ್ಲಿ ಹೆರೆಯೋದು ಒಳ್ಳೇದು. ಆ ಬ್ಲೇಡನ್ನು ಹ್ಯಾಂಡ್‌ಬ್ಯಾಗಿನಲ್ಲಿ ಮರೆತು ವಿಮಾನ ಹತ್ತೋದಕ್ಕೆ ಮಾತ್ರ ಹೋಗಬೇಡಿ.

ಇಷ್ಟೆಲ್ಲ ಹೇಳಿದಮೇಲೂ, ನಮ್ಮನ್ನು ಕೇಳಿದರೆ ಶುರುವಿಗೆ ಪೆನ್ಸಿಲ್‌ಗಿಂತ ಬಾಲ್ ಪೆನ್ ಮೇಲು. ಎಲ್ಲರ ಜೇಬಿನಲ್ಲೂ ಇದೆ. ಅದರ ಶಾಯಿಯಲ್ಲಿ ಎಣ್ಣೆ ಅಂಶ ಇರೋದರಿಂದ ಅಗ್ಗದ ಕಾಗದದ ಮೇಲೂ ಹರಡೋದಿಲ್ಲ. ಹಗುರವಾಗಿ ಎಳೆದರೆ ಬೂದು ಗೆರೆ, ಒತ್ತಿ ಎಳೆದರೆ ಕಡುನೀಲಿ. ಒಂದೇ ಪೆನ್ನಿನಲ್ಲಿ ನಾಲ್ಕೈದು ಛಾಯೆ ಬರುತ್ತೆ. ಎಲ್ಲಕ್ಕಿಂತ ದೊಡ್ಡ ಲಾಭ, ಅದನ್ನು ಅಳಿಸೋದಕ್ಕೆ ಆಗೋದಿಲ್ಲ. ಇದು ಲೆಕ್ಕಪತ್ರದ ಶಿಸ್ತು. ಖಾತೆ ಪುಸ್ತಕದಲ್ಲಿ ರಬ್ಬರಿಗೆ ಜಾಗ ಇಲ್ಲ. ಅಂಕಿ ತಪ್ಪಾದರೆ ಅದರ ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಣ್ಣ ಸಹಿ ಹಾಕ್ತೀವಿ. ಚಿತ್ರದಲ್ಲೂ ಹಾಗೇ ಮಾಡಿ. ಮಂಚದ ಕಾಲು ಗಿಡ್ಡ ಆಯ್ತಾ, ಪಕ್ಕದಲ್ಲೇ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆ ಕಂಡರೆ ಯಾರೂ ದಂಡ ಹಾಕೋದಿಲ್ಲ. ರಬ್ಬರ್ ಕೈಯಲ್ಲಿದ್ದವರು ಹತ್ತು ನಿಮಿಷದಲ್ಲಿ ಎಂಟು ನಿಮಿಷ ಉಜ್ಜುತ್ತಾ ಕೂರುತ್ತಾರೆ.

ಜೆಲ್ ಪೆನ್ ಬೇಡ. ಒಣಗೋ ಮುಂಚೆ ಅಂಗೈ ತಾಗಿ ಬಳಿದುಕೊಳ್ಳುತ್ತೆ, ಇಲ್ಲಿನ ಬೆವರಿಗಂತೂ ಕೇಳೋದೇ ಬೇಡ. ಒಂದೆರಡು ಪುಸ್ತಕ ತುಂಬಿದಮೇಲೆ ಆಸೆಯಾದರೆ ಫೈನ್‌ಲೈನರ್ ತಗೊಳ್ಳಿ. ಸಕುರಾ ಕಂಪನಿಯ ಮೈಕ್ರಾನ್ ಪೆನ್ನಿನಲ್ಲಿ ಇರೋದು ಪಿಗ್ಮೆಂಟ್ ಶಾಯಿ. ಒಣಗಿದಮೇಲೆ ನೀರು ಬಿದ್ದರೂ ಕದಡೋದಿಲ್ಲ, ಬಿಸಿಲಿಗೆ ಬೇಗ ಮಾಸೋದಿಲ್ಲ. ಅದರ ಮೇಲೆ 05 ಅಂತ ಇದ್ದರೆ ಗೆರೆಯ ದಪ್ಪ 0.45 ಮಿಲಿಮೀಟರ್, 01 ಅಂದರೆ 0.25. ಮೊದಲಿಗೆ 05 ಒಂದೇ ಸಾಕು. ಮೊನೆ ನಾಜೂಕು, ಚೆಕ್ ಬುಕ್ಕಿಗೆ ಸಹಿ ಹಾಕಿದ ಹಾಗೆ ಒತ್ತಿದರೆ ಕೂತು ಹೋಗುತ್ತೆ. ಬೇಸಿಗೆಯಲ್ಲಿ ಪೆನ್ನುಗಳನ್ನು ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಮಕ್ಕಳ ಮೇಣದ ಬಣ್ಣದ ಕಡ್ಡಿ ಬಿಟ್ಟರಂತೂ ಸಂಜೆಗೆ ಪಾಯಸ.

ಮಾಲ್‌ಗಳಲ್ಲಿ ಎಪ್ಪತ್ತು ಎಂಬತ್ತು ತುಂಡುಗಳಿರುವ ದೊಡ್ಡ ಪೆಟ್ಟಿಗೆಗಳನ್ನು ಆಫರಿನಲ್ಲಿ ಇಟ್ಟಿರ್ತಾರೆ. ನೋಡೋದಕ್ಕೆ ಮದುವೆ ಮನೆ ಒಡವೆ ಪೆಟ್ಟಿಗೆ ಇದ್ದ ಹಾಗೆ. ನಮ್ಮ ಭಾಷೆಯಲ್ಲಿ ಅದಕ್ಕೆ ಡೆಡ್ ಸ್ಟಾಕ್ ಅಂತ ಹೆಸರು. ಅದರಲ್ಲಿ ಕೈಗೆ ಬರೋದು ಮೂರೋ ನಾಲ್ಕೋ. ಒಂದು ಸಾಮಾನು ಸವೆದು ಮುಗಿದಮೇಲೆ ಇನ್ನೊಂದನ್ನು ಕೊಳ್ಳೋಣ. ನೀರುಬಣ್ಣವೂ ಹಾಗೇ, ಆಮೇಲೆ ನೋಡಿದರಾಯ್ತು. ಅದಕ್ಕೆ 300 ಜಿಎಸ್‌ಎಂ ದಪ್ಪನೆಯ ಕಾಗದ ಬೇಕು, ಜಾಗ ಬೇಕು, ಆರು ಜನರ ರೂಮಿನಲ್ಲಿ ನೀರಿನ ಲೋಟ ಚೆಲ್ಲಿದರೆ ಉತ್ತರ ಹೇಳೋ ಧೈರ್ಯವೂ ಬೇಕು.

ಜಿಎಸ್‌ಎಂ ಅಂದ್ವಿ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ ಅದು. ಆಫೀಸಿನ ಪ್ರಿಂಟರ್ ಕಾಗದ ಸಾಮಾನ್ಯವಾಗಿ 80. ಎ4 ಹಾಳೆ ಹದಿನಾರು ಸೇರಿದರೆ ಒಂದು ಚದರ ಮೀಟರ್, ಹಾಗಾಗಿ ಒಂದು ಹಾಳೆ 5 ಗ್ರಾಂ. ಚಿತ್ರದ ಪುಸ್ತಕ 100 ಜಿಎಸ್‌ಎಂ ಇದ್ದರೆ ಹಿಂದಿನ ಪುಟದ ಗೆರೆ ಅಷ್ಟಾಗಿ ಕಾಣೋದಿಲ್ಲ. ಅಳತೆ ಎ5 ಇರಲಿ, ಅಂದರೆ ಎ4ರ ಅರ್ಧ. ಅದಕ್ಕಿಂತ ದೊಡ್ಡದಾದರೆ ಹತ್ತು ನಿಮಿಷದಲ್ಲಿ ಪುಟ ತುಂಬೋದಿಲ್ಲ, ತುಂಬದ ಪುಟ ಮನಸ್ಸಿಗೆ ಕಿರಿಕಿರಿ. ಪುಸ್ತಕ ಕೊಳ್ಳೋದೂ ಬೇಡ ಅಂದರೆ ಹೊಸ ವರ್ಷಕ್ಕೆ ಕಂಪನಿಗಳು ಹಂಚುವ ಡೈರಿ ಇದೆಯಲ್ಲ, ಜನವರಿ ಮೂರರವರೆಗೆ ಬರೆದು ಬಿಟ್ಟಿರ್ತೀವಿ, ಅದನ್ನೇ ತೆಗೆಯಿರಿ. ಅಡ್ಡಗೆರೆ ಇರುತ್ತೆ, ಇರಲಿ ಬಿಡಿ. ಆಗಸ್ಟಿನ ಸೆಖೆಯಲ್ಲಿ ಕಾಗದ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗುತ್ತೆ. ಅಂಗೈ ಕೆಳಗೊಂದು ಟಿಶ್ಯೂ ಹಾಕಿಕೊಂಡು ಬರೆದರೆ ಬೆವರಿನ ಕಲೆ ಬೀಳೋದಿಲ್ಲ.

ಸಾಮಾನು ತರೋದು ಒಂದು ಸಂಜೆಯ ಕೆಲಸ. ಅಭ್ಯಾಸ ಕೂರಿಸೋದೇ ಕಷ್ಟ.

ಹೆಚ್ಚಿನವರು ವಾರದ ರಜೆಗೆ ಅಂತ ಇಟ್ಟುಕೊಳ್ತಾರೆ. ಆ ಒಂದು ದಿನದಲ್ಲಿ ಬಟ್ಟೆ ಒಗೆಯಬೇಕು, ಕಟಿಂಗ್ ಮಾಡಿಸಬೇಕು, ಊರಿಗೆ ಮಾತಾಡಬೇಕು, ವಾರದ ತರಕಾರಿ ತರಬೇಕು, ಉಳಿದರೆ ನಿದ್ದೆ. ಚಿತ್ರದ ಸರದಿ ಬರೋದೇ ಇಲ್ಲ. ಅದಕ್ಕೇ ನಾವು ಹೇಳೋದು, ದಿನಕ್ಕೆ ಹತ್ತು ನಿಮಿಷ, ಹೇಗಿದ್ದರೂ ನಡೆಯುವ ಯಾವುದಾದರೂ ಕೆಲಸದ ಬಾಲಕ್ಕೆ ಕಟ್ಟಿಬಿಡಿ. ನಮ್ಮ ರೂಮಿನಲ್ಲಿ ಅದು ಕುಕ್ಕರ್. ಬೇಳೆ ಇಟ್ಟು ಮೂರು ಸೀಟಿ ಹೊಡೆಯೋವರೆಗೆ ಅಡುಗೆ ಸರದಿಯವರಿಗೆ ಬೇರೆ ಕೆಲಸ ಇಲ್ಲ, ಅಲ್ಲಿಂದ ಅಲ್ಲಾಡೋ ಹಾಗೂ ಇಲ್ಲ. ಹತ್ತು ಹನ್ನೆರಡು ನಿಮಿಷ ಧಾರಾಳ ಸಿಗುತ್ತೆ. ಮೊದಲ ಸೀಟಿಗೆ ಹೊರಗಿನ ಆಕಾರ, ಎರಡನೆಯದಕ್ಕೆ ಒಳಗಿನ ವಿವರ, ಮೂರನೆಯದಕ್ಕೆ ನೆರಳು. ಮೂರು ಸೀಟಿಗೆ ಗ್ಯಾಸೂ ಬಂದ್, ಪೆನ್ನೂ ಬಂದ್. ನಿಲ್ಲಿಸೋ ಹೊತ್ತು ಗೊತ್ತಿದ್ದರೆ ಶುರು ಮಾಡೋದಕ್ಕೆ ಅಂಜಿಕೆ ಇರೋದಿಲ್ಲ.

ಅಡುಗೆ ಸರದಿ ಇಲ್ಲದ ದಿನ ಬೇರೆ ಹೊತ್ತು ನೋಡಿಕೊಳ್ಳಿ. ಬೆಳಗ್ಗೆ ಕಂಪನಿ ಬಸ್ಸು ಬರೋದನ್ನು ಕಾಯುವಾಗ ಆಗಬಹುದು. ಓಡುವ ಬಸ್ಸಿನಲ್ಲಿ ಗೆರೆ ಕುಣಿಯುತ್ತೆ, ಬೇಡ. ಹೊರಗಿನ ಸೈಟಿನಲ್ಲಿ ಇರೋರಿಗೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನ ಕೆಲಸ ಬಂದ್. ಅಷ್ಟು ಹೊತ್ತಿನಲ್ಲಿ ಊಟ ಆಗಿ, ನಿದ್ದೆ ಆಗಿ, ಹತ್ತು ನಿಮಿಷ ಉಳಿಯುತ್ತೆ. ನಿದ್ದೆ ಬಿಟ್ಟು ಚಿತ್ರ ಬರೆಯಿರಿ ಅಂತ ನಾವು ಹೇಳೋದಿಲ್ಲ. ಆ ಬಿಸಿಲಲ್ಲಿ ದುಡಿದ ಮೈಗೆ ನಿದ್ದೆ ಮೊದಲು.

ಪುಟದ ಮೂಲೆಯಲ್ಲಿ ತಾರೀಕು, ಜಾಗ ಬರೆಯಿರಿ. ಹಾಳೆ ಹರಿಯಬೇಡಿ, ಕೆಟ್ಟ ಚಿತ್ರವೂ ಆ ದಿನದ ಎಂಟ್ರಿ. ಒಂದು ದಿನ ತಪ್ಪಿತು ಅಂದರೆ ಮರುದಿನ ಎರಡು ಬರೆದು ಸರಿದೂಗಿಸೋದಕ್ಕೆ ಹೋಗಬೇಡಿ. ಇಲ್ಲಿ ಮಾತ್ರ ಹಳೇ ಬಾಕಿ ಮನ್ನಾ. ಬಾಕಿ ಬೆಟ್ಟ ಬೆಳೆದದ್ದಕ್ಕೇ ಎಷ್ಟೋ ಜನ ಪುಸ್ತಕ ಮುಚ್ಚಿಟ್ಟಿದ್ದಾರೆ.

ಏನು ಬರೆಯೋದು? ಬಂದ ಹೊಸದರಲ್ಲಿ ಎಲ್ಲರೂ ಬುರ್ಜ್ ಖಲೀಫಾಕ್ಕೇ ಕೈ ಹಾಕ್ತಾರೆ. 828 ಮೀಟರ್ ಕಟ್ಟಡವನ್ನು ಎ5 ಪುಟಕ್ಕೆ ಇಳಿಸಿದರೆ ಉಳಿಯೋದು ಒಂದು ಸೂಜಿ. ಅದರ ಚಿತ್ರ ಎಲ್ಲರ ಹತ್ತಿರ ಇದೆ. ನಿಮ್ಮ ಹೆಲ್ಮೆಟ್ಟಿನ, ನಿಮ್ಮ ಟಿಫಿನ್ ಕ್ಯಾರಿಯರಿನ, ನಿಮ್ಮ ಕಿಟಕಿಯ ಹೊರಗಿರೋ ಎಸಿ ಡಬ್ಬಗಳ ಸಾಲಿನ ಚಿತ್ರ ಜಗತ್ತಿನಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ. ರಸ್ತೆ ಬದಿಯ ಬೇವಿನ ಮರ, ಗಾಫ್ ಮರ, ಕಸದ ಡಬ್ಬಿ ಮೇಲಿನ ಬೆಕ್ಕು, ಗೊರವಂಕ ಇವೆಲ್ಲ ಬಾಡಿಗೆ ಕೇಳದ ಮಾಡೆಲ್‌ಗಳು. ಒಂದು ದಿರ್ಹಮ್ ಕೊಟ್ಟು ಅಬ್ರಾ ಹತ್ತಿ ದೇರಾದಿಂದ ಬರ್ ದುಬೈಗೆ ದಾಟಿದರೆ ಪಕ್ಕದಲ್ಲಿ ಕೂತವರ ಶೂ, ಚಪ್ಪಲಿ ಸಾಲಾಗಿ ಸಿಗುತ್ತೆ. ಶಾರ್ಜಾದ ರೋಲಾದಲ್ಲಿ ಹಿಂದೆ ದೊಡ್ಡ ಆಲದ ಮರ ಇತ್ತು, ರೋಲಾ ಅನ್ನೋ ಹೆಸರು ಬಂದದ್ದೇ ಅದರಿಂದ. ಈಗ ಅಲ್ಲಿ ಅದರ ನೆನಪಿನ ಸ್ಮಾರಕ ಇದೆ. ರಜೆ ದಿನ ಅದರ ಸುತ್ತ ಕೂರೋ ಜನರನ್ನು ಬೆನ್ನ ಕಡೆಯಿಂದ ಬರೆದರೂ ಒಂದು ಪುಸ್ತಕ ತುಂಬುತ್ತೆ.

ಮೈಸೂರಿನ ಆರ್. ಕೆ. ಲಕ್ಷ್ಮಣ್ ಚಿಕ್ಕಂದಿನಿಂದ ಕಾಗೆ ಬರೆದರು, ದೇಶಕ್ಕೆಲ್ಲ ಹೆಸರಾದಮೇಲೂ ಕಾಗೆ ಬಿಡಲಿಲ್ಲ. ಮುಂಬೈಯ ಜೆ.ಜೆ. ಕಲಾಶಾಲೆ ಅವರಿಗೆ ಸೀಟು ಕೊಟ್ಟಿರಲಿಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತಿರೋ ವಿಷಯ. ಕಾಗೆಗೇನು ಇಲ್ಲೂ ಬರವಿಲ್ಲ, ನಮ್ಮ ಕಡೆಯ ಬೂದುಕತ್ತಿನ ಕಾಗೆಯೇ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳು ಸಿಕ್ಕರೆ ಫೋನಿನಲ್ಲಾದರೂ ನೋಡಿ. ಕುಣಿಯುವವರ ಇಡೀ ಮೈಯನ್ನು ಕೆಲವೇ ಗೆರೆಗಳಲ್ಲಿ ಹಿಡಿದಿದ್ದಾರೆ. ದೊಡ್ಡ ಪೆಟ್ಟಿಗೆಯ ಬಣ್ಣ ನೋಡಿ ಬಾಯಿ ಬಿಡೋರಿಗೆ ನಾವು ಆ ಗೆರೆ ತೋರಿಸ್ತೀವಿ.

ಕೈ ಬರ್ತಿಲ್ಲ ಅನ್ನೋರಿಗೆ ಒಂದು ವ್ಯಾಯಾಮ. ನಿಕೊಲೈಡಿಸ್ ಅನ್ನೋ ಅಮೆರಿಕದ ಮೇಷ್ಟ್ರೊಬ್ಬರ ಪಾಠಗಳು 1941ರಲ್ಲಿ ಪುಸ್ತಕವಾಗಿ ಬಂದವು, ಇವತ್ತಿಗೂ ಶಾಲೆಗಳಲ್ಲಿ ಬಳಸ್ತಾರೆ. ಅದರ ಮೊದಲ ಪಾಠ ಹೀಗೆ: ಎದುರಿಗಿರುವ ವಸ್ತುವಿನ ಅಂಚಿನ ಮೇಲೆ ಕಣ್ಣಿಡಿ, ಕಣ್ಣು ಇರುವೆಯ ಹಾಗೆ ಅಂಚಿನಗುಂಟ ನಿಧಾನ ಹರಿಯಲಿ, ಅದೇ ವೇಗದಲ್ಲಿ ಪೆನ್ಸಿಲೂ ಹರಿಯಲಿ, ಕಾಗದ ನೋಡಬೇಡಿ. ಚಿತ್ರ ವಕ್ರವಕ್ರವಾಗೇ ಬರುತ್ತೆ. ನಿಮ್ಮ ಎಡಗೈಯನ್ನೇ ಹೀಗೆ ವಾರವಿಡೀ ಬರೆದು ನೋಡಿ. ನಮ್ಮ ಕೈಯಲ್ಲಿ ಎಷ್ಟು ಗೀರು, ಗಂಟು, ಗಾಯದ ಗುರುತು ಇವೆ ಅಂತ ಆಗ ಕಾಣೋದಕ್ಕೆ ಶುರುವಾಗುತ್ತೆ.

ಈ ವಿಷಯದಲ್ಲಿ ನಮ್ಮಂಥ ಕುರ್ಚಿ ಕೆಲಸದವರಿಗಿಂತ ಸೈಟಿನವರು ಮುಂದೆ. ತೂಗುಗುಂಡು ಇಲ್ಲದೆಯೂ ಗೋಡೆ ವಾಲಿದ್ದನ್ನು ಹೇಳುವ ಗಾರೆ ಕೆಲಸದವರ ಕಣ್ಣು, ನೋಡಿದ ಕೂಡಲೇ ಇಷ್ಟು ಇಂಚು ಅನ್ನುವ ಬಡಗಿಯ ಕಣ್ಣು, ಟೇಲರುಗಳ ಕಣ್ಣು. ಅಳತೆ ಬಂದರೆ ಚಿತ್ರದ ಅರ್ಧ ಬಂದ ಹಾಗೆ. ಕೈ ನೀಟಾಗಿ ಚಾಚಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬಾಗಿಲಿನ ಅಗಲ ಅದರ ಎತ್ತರದಲ್ಲಿ ಎಷ್ಟು ಸಲ ಕೂರುತ್ತೆ ಅಂತ ಹೆಬ್ಬೆರಳಿನಲ್ಲಿ ಅಳೆಯಿರಿ. ಸಿನಿಮಾದಲ್ಲಿ ಚಿತ್ರಗಾರರು ಹಾಗೆ ಮಾಡೋದು ಸ್ಟೈಲಿಗಲ್ಲ.

ಒಂದು ಎಚ್ಚರಿಕೆಯ ಮಾತನ್ನು ಗಟ್ಟಿಯಾಗಿಯೇ ಹೇಳ್ತೀವಿ. ಈ ದೇಶದಲ್ಲಿ ಸೇನೆಗೆ ಸೇರಿದ ಜಾಗ, ಏರ್‌ಪೋರ್ಟ್, ಬಂದರು, ಸರ್ಕಾರಿ ಕಚೇರಿ, ಅರಮನೆ ಇವುಗಳ ಫೋಟೋ ತೆಗೆದು ಕಷ್ಟಕ್ಕೆ ಸಿಕ್ಕವರಿದ್ದಾರೆ. ಪೆನ್ಸಿಲ್ ತಾನೇ, ಏನಾಗುತ್ತೆ ಅನ್ನಬೇಡಿ, ಅಂಥ ಕಡೆ ಪುಸ್ತಕವನ್ನೇ ತೆಗೆಯಬೇಡಿ. ಕೆಲಸದ ಸೈಟಿನಲ್ಲೂ ಫೋರ್‌ಮನ್ ಅನುಮತಿ ಕೇಳಿ. ಹೆಂಗಸರು, ಮಕ್ಕಳು ಇರುವ ಕಡೆ ಅವರ ಕಡೆ ನೋಡ್ತಾ ಬರೆಯೋದು ಬೇಡವೇ ಬೇಡ. ಬೇರೆಯವರ ಮುಖ ಬರೆಯೋದಾದರೆ ಮೊದಲು ಕೇಳಿ. ನಮ್ಮ ಅನುಭವದಲ್ಲಿ ಕೇಳಿದರೆ ಬೇಡ ಅಂದವರು ಕಡಿಮೆ. ಒಬ್ಬ ಪಠಾಣ್ ಡ್ರೈವರ್ ಅಂತೂ ಪೇಟ ಸರಿ ಮಾಡಿಕೊಂಡು, ಮೀಸೆ ತಿರುವಿ ಕೂತು, ಮುಗಿದಮೇಲೆ ಆ ಹಾಳೆ ತನಗೇ ಬೇಕು ಅಂತ ಹಟ ಹಿಡಿದರು. ಹಾಳೆ ಹರಿಯಬಾರದು ಅನ್ನೋ ನಿಯಮಕ್ಕೆ ಅದೊಂದೇ ವಿನಾಯಿತಿ.

ತುಂಬಿದ ಪುಸ್ತಕ ಏನು ಮಾಡೋದು ಅಂತ ಕೆಲವರು ಕೇಳ್ತಾರೆ. ಊರಿಗೆ ಹೋಗುವಾಗ ಪೆಟ್ಟಿಗೆ ಕಟ್ಟುವ ರಾತ್ರಿ ನಮ್ಮಲ್ಲಿ ಗ್ರಾಂ ಗ್ರಾಂ ಲೆಕ್ಕ ನಡೆಯುತ್ತಲ್ಲ, ಅದಕ್ಕೇ ಈ ಹಿಸಾಬು: 64 ಪುಟದ ಎ5 ಪುಸ್ತಕದಲ್ಲಿ 32 ಹಾಳೆ. 100 ಜಿಎಸ್‌ಎಂ ಕಾಗದವಾದರೆ ಹಾಳೆಗೆ ಮೂರು ಗ್ರಾಂ ಚಿಲ್ಲರೆ. ರಟ್ಟು ಬಿಟ್ಟರೆ ಪುಸ್ತಕದ ತೂಕ ನೂರು ಗ್ರಾಂ. ಒಂದು ಡೈರಿ ಮಿಲ್ಕ್ ಪೊಟ್ಟಣ ಕಡಿಮೆ ಮಾಡಿದರೆ ಜಾಗ ಆಗುತ್ತೆ. ದೊಡ್ಡ ಲಗೇಜಿನಲ್ಲಿ ಹಾಕಬೇಡಿ, ಕೈಚೀಲದಲ್ಲಿ ಇಟ್ಟುಕೊಳ್ಳಿ. ಮಂಗಳೂರಿಗೋ ಬೆಂಗಳೂರಿಗೋ ಮೂರೂವರೆ ನಾಲ್ಕು ಗಂಟೆ ದಾರಿ, ಕಡೆಯ ಎರಡು ಪುಟ ವಿಮಾನದಲ್ಲೇ ಬರೆಯಬಹುದು.